ಎದೆಯಲ್ಲಿ ರಿಂಗಿರುವ ಹಾರ್ನೆಸ್: ಎಳೆದಾಡುವ ದೊಡ್ಡ ನಾಯಿಯ ಫಾಸ್ಟರ್ ಮನೆಗೆ ಕೊಳ್ಳುವ ಮುನ್ನ

ಬೆಂಗಳೂರಿನ ಫಾಸ್ಟರ್ ಮನೆಗಳಿಗೆ, ಅಂದರೆ ದತ್ತು ಸಿಗುವವರೆಗೆ ನಾಯಿಯನ್ನು ಇಟ್ಟುಕೊಳ್ಳುವ ಮನೆಗಳಿಗೆ, ಬರುವ ದೊಡ್ಡ ನಾಯಿಗಳ ಮೇಲಿನ ದೂರು ಹೆಚ್ಚುಕಡಿಮೆ ಒಂದೇ. ಲ್ಯಾಬ್ರಡಾರ್ ಇರಲಿ, ಜರ್ಮನ್ ಶೆಫರ್ಡ್ ಇರಲಿ, ಮುಧೋಳ ಬೆರಕೆ ಇರಲಿ, ವಯಸ್ಸು ಒಂದು ಒಂದೂವರೆ ವರ್ಷ, ಮೈತುಂಬ ಕಸುವು, ಮನುಷ್ಯರನ್ನು ಕಂಡರೆ ಪ್ರಾಣ. ಬೆಲ್ಟ್ ಹಾಕಿಕೊಂಡು ನಡೆಯುವುದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ. ಮರಿಯಾಗಿದ್ದಾಗ ಮುದ್ದಿನಿಂದ ತಂದು, ಮೂವತ್ತು ಕೆಜಿ ಆದಮೇಲೆ ಹಿಡಿಯಲಾಗದೆ ಕೈಬಿಟ್ಟ ನಾಯಿಗಳು ಇವು. ದತ್ತು ಕೇಳಿಕೊಂಡು ಬಂದವರ ಎದೆಗೆ ಎರಡೂ ಕಾಲು ಕೊಟ್ಟು ನಿಂತರೆ, ಗೇಟು ತೆಗೆದ ಕೂಡಲೇ ಅವರನ್ನು ರಸ್ತೆಯವರೆಗೂ ಎಳೆದೊಯ್ದರೆ, ನಾಯಿ ಎಷ್ಟೇ ಒಳ್ಳೆಯದಿದ್ದರೂ ಬಂದವರು ‘ಮನೇಲಿ ಕೇಳಿ ಹೇಳ್ತೀವಿ’ ಅಂತ ಹೊರಟುಬಿಡುತ್ತಾರೆ.

ಹಾಗಾಗಿ ಫಾಸ್ಟರ್ ಮನೆಗೆ ತರುವ ಸಾಮಾನನ್ನು ಫಾಸ್ಟರ್ ಮಾಡುವವರ ತೋಳ್ಬಲ ನೋಡಿ ಆರಿಸಬಾರದು. ಮುಂದೆ ದತ್ತು ಪಡೆಯುವ ಮನೆಯಲ್ಲಿ ಅರವತ್ತು ದಾಟಿದ ಅಜ್ಜಿಯೊಬ್ಬರು ಬೆಳಗ್ಗೆ ಹಾಲಿಗೆ ಹೋಗುವಾಗ ಈ ನಾಯಿಯನ್ನು ಕರೆದುಕೊಂಡು ಹೋಗಬಲ್ಲರೇ ಎಂದು ಕೇಳಿಕೊಳ್ಳಿ. ಆ ಪರೀಕ್ಷೆಯಲ್ಲಿ ಗೆಲ್ಲುವುದು ಎದೆಯ ಮೇಲೆ ರಿಂಗಿರುವ ಹಾರ್ನೆಸ್, ಅಂದರೆ ನಾಯಿಯ ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿಗಳ ಜೋಡಣೆ. ಆದರೆ ಅದೊಂದನ್ನೇ ಕೊಂಡರೆ ಅರ್ಧ ಕೆಲಸ. ಜೊತೆಗೆ ಮಾರ್ಟಿಂಗೇಲ್ ಕಾಲರ್ (ಎಳೆದಾಗ ಮಿತಿಯಲ್ಲಿ ಮಾತ್ರ ಬಿಗಿಯುವ ಕುತ್ತಿಗೆಪಟ್ಟಿ), ಎರಡೂ ತುದಿಯಲ್ಲಿ ಹುಕ್ಕಿರುವ ಎರಡು ಮೀಟರ್ ಲೀಶ್ (ಕೈಯಲ್ಲಿ ಹಿಡಿದು ನಾಯಿಯನ್ನು ನಡೆಸುವ ಪಟ್ಟಿ) ಬೇಕು. ಮೂರೂ ಸೇರಿದ ಸೆಟ್ಟಿಗೆ ನಮ್ಮ ಪೂರ್ತಿ ಒಪ್ಪಿಗೆ ಇದೆ. ಒಂಟಿ ಹಾರ್ನೆಸ್‌ಗೆ, ಅದರಲ್ಲೂ ಹೊಸದಾಗಿ ಬಂದ ನಾಯಿಯ ಮೊದಲ ವಾರಗಳಲ್ಲಿ, ಇಲ್ಲ.

ಇದು ಕೆಲಸ ಮಾಡುವ ಬಗೆ ಸರಳ. ಬೆನ್ನ ಮೇಲಷ್ಟೇ ರಿಂಗಿರುವ ಹಾರ್ನೆಸ್ ಹಾಕಿದರೆ ನಾಯಿಯ ಇಡೀ ಎದೆಯ ಬಲ ಎಳೆತಕ್ಕೆ ಸಿಗುತ್ತದೆ. ಹಿಮದಲ್ಲಿ ಬಂಡಿ ಎಳೆಯುವ ನಾಯಿಗಳಿಗೆ ಲಗಾಮನ್ನು ಬೆನ್ನ ಹಿಂದೆ ಕಟ್ಟುವುದು ಇದಕ್ಕೇ. ರಿಂಗು ಎದೆಯ ನಡುವೆ ಇದ್ದಾಗ, ನಾಯಿ ಮುನ್ನುಗ್ಗಿದ ಕ್ಷಣ ಲೀಶ್ ಬಿಗಿದು ಅದರ ಮುಂಭಾಗ ಹಿಡಿದವರ ಕಡೆಗೆ ತಿರುಗುತ್ತದೆ. ನೇರ ಎಳೆಯಲು ಕಾಲಿಗೆ ಪಟ್ಟು ಸಿಗುವುದಿಲ್ಲ, ಕುತ್ತಿಗೆಗೆ ನೋವೂ ಆಗುವುದಿಲ್ಲ. ಅಂಗಡಿಯವರು ‘ಹಾಕಿದ ದಿನದಿಂದಲೇ ಎಳೆಯೋದು ನಿಲ್ಲುತ್ತೆ’ ಎನ್ನುತ್ತಾರೆ. ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಆ ಕಡಿಮೆಯಾದ ಎಳೆತದೊಳಗೆ ಕಲಿಸಲು ನಿಮಗೆ ಅವಕಾಶ ಸಿಗುತ್ತದೆ. ಕಲಿಸದೇ ಬಿಟ್ಟರೆ ಎರಡು ಮೂರು ವಾರದಲ್ಲಿ ನಾಯಿ ಓರೆಯಾಗಿ ನಡೆಯುತ್ತಲೇ ಎಳೆಯುವುದನ್ನು ರೂಢಿಸಿಕೊಳ್ಳುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಪೇಟೆಯಲ್ಲಿ ಎರಡು ಮಾದರಿ ಸಿಗುತ್ತವೆ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಹಾಯುವುದು ಒಂದು, ಇಂಗ್ಲಿಷಿನ ವೈ ಅಕ್ಷರದಂತೆ ಎರಡು ಹೆಗಲ ಪಟ್ಟಿ ಎದೆಮೂಳೆಯ ಮೇಲೆ ಸೇರಿ ಮುಂಗಾಲ ನಡುವೆ ಹಿಂದಕ್ಕೆ ಹೋಗುವುದು ಇನ್ನೊಂದು. ಅಡ್ಡಪಟ್ಟಿಯದು ಅಗ್ಗ, ಹಾಕುವುದೂ ಸುಲಭ. ಆದರೆ ದೊಡ್ಡ ನಾಯಿ ಜೋರಾಗಿ ಎಳೆದಾಗ ಪಟ್ಟಿ ಒಂದು ಪಕ್ಕಕ್ಕೆ ಜಾರಿ ಭುಜದ ಕೀಲಿನ ಮೇಲೆ ಕೂರುತ್ತದೆ, ಇನ್ನೊಂದು ಪಕ್ಕ ಸಡಿಲವಾಗುತ್ತದೆ. ನಮ್ಮ ಆಯ್ಕೆ ವೈ ಮಾದರಿ. ಅದು ಭುಜಕ್ಕೆ ಸ್ವಲ್ಪವೂ ಅಡ್ಡಿ ಮಾಡುವುದಿಲ್ಲ ಎಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಡಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಮಾದರಿಗಳು ಮುಂಗಾಲು ಚಾಚುವುದನ್ನು ಒಂದಿಷ್ಟು ತಗ್ಗಿಸಿದ್ದು ಕಂಡಿತ್ತು. ಆದ್ದರಿಂದ ಹಾರ್ನೆಸ್ ವಾಕಿಂಗ್ ಹೊತ್ತಿಗೆ ಮಾತ್ರ. ಮನೆಗೆ ಬಂದ ಕೂಡಲೇ ಬಿಚ್ಚಿ. ಮನೆಯೊಳಗಿನ ಓಡಾಟ, ಚೆಂಡಾಟ, ನಿದ್ದೆ ಯಾವುದಕ್ಕೂ ಬೇಡ.

ಬ್ರ್ಯಾಂಡ್‌ಗಳಲ್ಲಿ ರಫ್‌ವೇರ್‌ನ ಫ್ರಂಟ್ ರೇಂಜ್‌ಗೆ ನಾಲ್ಕು ಕಡೆ ಅಳತೆ ಬದಲಿಸಬಹುದು. ಬೆನ್ನಲ್ಲಿ ಅಲ್ಯೂಮಿನಿಯಂ ರಿಂಗು, ಎದೆಯಲ್ಲಿ ದಪ್ಪ ನೇಯ್ಗೆಯ ಕುಣಿಕೆ. ಎದೆಯದು ಬಟ್ಟೆಯದಾದ್ದರಿಂದ ನೂಲು ಎದ್ದಿದೆಯೇ ಎಂದು ಆಗಾಗ ನೋಡಬೇಕು. ಫ್ರೀಡಂ ಹಾರ್ನೆಸ್‌ನ ಬೆನ್ನಲ್ಲಿ ಎಳೆದಾಗ ತುಸು ಬಿಗಿಯುವ ಕುಣಿಕೆ ಇದೆ, ಮುಂಗಾಲ ಹಿಂದಿನ ಪಟ್ಟಿಗೆ ಮೆತ್ತನೆಯ ಒಳಪದರ ಇದೆ. ಕೂದಲು ಕಡಿಮೆಯಿರುವ ಮುಧೋಳ, ಗ್ರೇಟ್ ಡೇನ್‌ಗಳ ಕಂಕುಳಿಗೆ ಇದು ಒಳ್ಳೆಯದು. ಇವೆರಡೂ ದುಬಾರಿ. ನಮ್ಮಲ್ಲೇ ಸಿಗುವ ಸಾವಿರ ಒಂದೂವರೆ ಸಾವಿರ ರೂಪಾಯಿಯ ಹಾರ್ನೆಸ್‌ಗಳಲ್ಲೂ ಕೆಲಸಕ್ಕೆ ಬರುವವು ಇವೆ, ಆರಿಸುವುದು ಗೊತ್ತಿರಬೇಕು ಅಷ್ಟೆ.

ಆರಿಸುವಾಗ ಹೆಸರಿಗಿಂತ ಮೊದಲು ಹೊಲಿಗೆ ನೋಡಿ. ಪಟ್ಟಿ ರಿಂಗನ್ನು ಸುತ್ತಿ ಮಡಿಚುವ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗುಣಾಕಾರ ಚಿಹ್ನೆ ಹಾಕಿರಬೇಕು. ಒಂದೇ ಸಾಲು ಹೊಲಿಗೆ ಇದ್ದರೆ ವಾಪಸ್ ಇಡಿ. 25 ಕೆಜಿ ಮೇಲಿನ ನಾಯಿಗೆ ಪಟ್ಟಿಯ ಅಗಲ 25 ಮಿ.ಮೀ.ಗೆ ಕಡಿಮೆ ಇರಬಾರದು. ರಿಂಗನ್ನು ಬೆರಳಲ್ಲಿ ಸುತ್ತ ತಿರುಗಿಸಿ. ಬೆಸುಗೆ ಹಾಕಿದ್ದರೆ ಜಾಯಿಂಟ್ ಉಗುರಿಗೆ ಸಿಗುವುದಿಲ್ಲ. ಬಗ್ಗಿಸಿ ಮುಚ್ಚಿದ ರಿಂಗಿನಲ್ಲಿ ಸಂದು ಸಿಗುತ್ತದೆ, ಆ ಸಂದು ಒಂದು ದಿನ ಬಾಯಿ ಬಿಡುತ್ತದೆ. ಪ್ಲಾಸ್ಟಿಕ್ ಬಕಲ್ ಇದ್ದರೆ ಹತ್ತು ಸಲ ಹಾಕಿ ತೆಗೆದು, ಪ್ರತಿಸಲವೂ ಎರಡೂ ಹಲ್ಲು ‘ಟಕ್’ ಎಂದು ಕೂರುತ್ತವೆಯೇ ಎಂದು ಕಿವಿಗೊಡಿ. ಲೀಶಿನ ಹುಕ್ಕು ಇನ್ನೂ ಮುಖ್ಯ. ಹೊಳಪು ಬಳಿದ ಹಗುರ ಲೋಹದ ಹುಕ್ಕಿನ ಸ್ಪ್ರಿಂಗು ಮಳೆಗಾಲದಲ್ಲಿ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತದೆ; ನೋಡಲು ಮುಚ್ಚಿದಂತಿರುತ್ತದೆ, ನಾಯಿ ಒಂದು ಸುತ್ತು ತಿರುಗಿದರೆ ಕಳಚಿಕೊಳ್ಳುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಹುಕ್ಕಿಗೆ ಇನ್ನೂರು ರೂಪಾಯಿ ಹೆಚ್ಚಾದರೂ ಕೊಡಿ.

ಇನ್ನು ಅಳತೆ. ಹಾರ್ನೆಸ್ ಹಾಕಿದ ಎಷ್ಟೋ ದೊಡ್ಡ ನಾಯಿಗಳಿಗೆ ಅದು ಸರಿಯಾಗಿ ಕೂತಿರುವುದೇ ಇಲ್ಲ. ಟೈಲರ್ ಟೇಪಿನಿಂದ ಮುಂಗಾಲ ಹಿಂದೆ ಎದೆಯ ಅತಿ ಅಗಲವಾದ ಕಡೆ ಸುತ್ತಳತೆ ತೆಗೆಯಿರಿ, ಆಮೇಲೆ ಕತ್ತಿನ ಬುಡದ ಸುತ್ತಳತೆ. ತೂಕ ನೋಡಿ ಎಲ್, ಎಕ್ಸೆಲ್ ಎಂದು ಕೊಳ್ಳಬೇಡಿ. 28 ಕೆಜಿ ಲ್ಯಾಬ್ರಡಾರ್‌ನ ದುಂಡು ಎದೆ ಬೇರೆ, ಅಷ್ಟೇ ತೂಕದ ಮುಧೋಳ ಬೆರಕೆಯ ಆಳವಾದ ಕಿರಿದು ಎದೆ ಬೇರೆ. ಹಾಕಿದ ಮೇಲೆ ಎದೆಯ ರಿಂಗು ಎದೆಮೂಳೆ ಉಬ್ಬಿದ ಜಾಗದಲ್ಲಿ ಕೂರಬೇಕು. ಮೇಲೆ ಬಂದರೆ ಗಂಟಲಿಗೆ ಒತ್ತುತ್ತದೆ, ಕೆಳಗೆ ಇಳಿದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಪಟ್ಟಿ ಮುಂಗಾಲ ಕಂಕುಳಿನಿಂದ ಮೂರು ನಾಲ್ಕು ಬೆರಳು ಹಿಂದೆ, ಪಕ್ಕೆಲುಬಿನ ಮೇಲೆ ಇರಬೇಕು. ಎಲ್ಲ ಪಟ್ಟಿಯ ಕೆಳಗೂ ಎರಡು ಬೆರಳು ಚಪ್ಪಟೆಯಾಗಿ ಹೋಗಬೇಕು, ಮೂರನೆಯದು ಹೋಗಬಾರದು. ನಾಯಿ ನಿಂತಾಗ ಒಮ್ಮೆ, ಕೂತಾಗ ಒಮ್ಮೆ ನೋಡಿ. ನಿಂತಾಗ ಸರಿಯಿದ್ದ ಪಟ್ಟಿ ಕೂತಾಗ ಕಂಕುಳಿಗೆ ಕಚ್ಚುವುದುಂಟು.

ಮನೆಯ ಬಾಗಿಲು ಹಾಕಿಕೊಂಡು ಹಿಂದೆ ಜಾರುವ ಪರೀಕ್ಷೆಯನ್ನೂ ಮಾಡಿ. ನಾಯಿಯ ಎದುರು ನಿಂತು, ಲೀಶನ್ನು ನಿಮ್ಮ ಕಡೆಗೆ ಮೆಲ್ಲಗೆ ಹಿಡಿದು, ತಿಂಡಿ ತೋರಿಸದೆ ಸುಮ್ಮನಿರಿ. ಹೆದರಿದ ನಾಯಿ ತಲೆ ತಗ್ಗಿಸಿ, ಭುಜ ಕುಗ್ಗಿಸಿ ಹಿಂದಕ್ಕೆ ಸರಿಯುತ್ತದೆ. ಸಡಿಲವಾದ ಹಾರ್ನೆಸ್ ಅಂಗಿ ಕಳಚಿದಂತೆ ಮುಂದಕ್ಕೆ ಬಂದುಬಿಡುತ್ತದೆ. ಪಟಾಕಿ ಸದ್ದಿಗೆ, ಹಾರ್ನ್ ಸದ್ದಿಗೆ ರೆಸ್ಕ್ಯೂ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಅದಕ್ಕಾಗಿಯೇ ಮಾರ್ಟಿಂಗೇಲ್ ಕಾಲರ್. ಅದರ ಸಣ್ಣ ಕುಣಿಕೆ ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿದು ಅಲ್ಲಿಗೆ ನಿಲ್ಲುತ್ತದೆ, ಉಸಿರು ಕಟ್ಟಿಸುವುದಿಲ್ಲ, ಕಿವಿಯ ಮೇಲಿಂದ ಜಾರುವುದೂ ಇಲ್ಲ. ತಲೆಗಿಂತ ಕತ್ತೇ ದಪ್ಪವಿರುವ ಮುಧೋಳಕ್ಕೆ ಮಾಮೂಲಿ ಬಕಲ್ ಕಾಲರ್ ಏನೇನೂ ಸಾಲದು. ಲೀಶಿನ ಒಂದು ಹುಕ್ಕು ಎದೆಯ ರಿಂಗಿಗೆ, ಇನ್ನೊಂದು ಕಾಲರಿಗೆ. ಕೈಯಲ್ಲಿ ಹಿಡಿಯುವಾಗ ಎದೆಯ ಕಡೆಯದು ಸ್ವಲ್ಪ ಗಿಡ್ಡ ಇರಲಿ, ಕಾಲರ್ ಕಡೆಯದು ಸಡಿಲವಾಗಿ ತೂಗುತ್ತಿರಲಿ. ಅದು ಅಪಾಯಕ್ಕೆ ಮಾತ್ರ.

ರೆಸ್ಕ್ಯೂ ನಾಯಿಗಳು ಬರುವಾಗ ಬಡಕಲಾಗಿರುತ್ತವೆ. ಜಂತಿನ ಔಷಧಿ, ಹೊಟ್ಟೆತುಂಬ ಊಟ ಸಿಕ್ಕಿದ ಮೇಲೆ ಒಂದು ತಿಂಗಳಲ್ಲಿ ಮೂರು ನಾಲ್ಕು ಕೆಜಿ ಏರುವುದು ಮಾಮೂಲು. ಆದ್ದರಿಂದ ಭಾನುವಾರಕ್ಕೊಮ್ಮೆ ಎರಡು ಬೆರಳಿನ ಅಳತೆ ಮತ್ತೆ ನೋಡಿ, ಆಗಲೇ ಪಟ್ಟಿ ಕೂರುವ ಜಾಗದ ಕೂದಲು ಬಿಡಿಸಿ ಚರ್ಮವನ್ನೂ ನೋಡಿ. ಕೆಂಪಗಾಗಿದ್ದರೆ, ಕೂದಲು ಮುರಿದಿದ್ದರೆ ಪಟ್ಟಿ ಉಜ್ಜುತ್ತಿದೆ ಎಂದರ್ಥ. ಉಣ್ಣಿಗಳು ಅಡಗುವುದೂ ಪಟ್ಟಿಯ ಕೆಳಗೆ, ಕಂಕುಳಲ್ಲಿ, ಕಿವಿಯೊಳಗೆ, ಬೆರಳ ಸಂದಿಯಲ್ಲಿ. ಉಣ್ಣಿ ಕಂಡ ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ ಅದೇ ದಿನ ವೆಟ್ ಹತ್ತಿರ ರಕ್ತ ಪರೀಕ್ಷೆ ಆಗಬೇಕು. ಉಣ್ಣಿ ಜ್ವರ ನಮ್ಮ ಕಡೆ ಸರ್ವೇಸಾಮಾನ್ಯ, ತಡಮಾಡಿದರೆ ಪ್ರಾಣಕ್ಕೇ ಬರುತ್ತದೆ. ಈಗಿನ ತನಕ ಕುಣಿಯುತ್ತಿದ್ದದ್ದು ಸುಮ್ಮನೆ ನಡೆಯತೊಡಗಿದರೆ ‘ಟ್ರೈನಿಂಗ್ ಹತ್ತಿತು’ ಎಂದು ಖುಷಿಪಡುವ ಮೊದಲು ಥರ್ಮಾಮೀಟರ್ ಹಾಕಿ.

ಹಾರ್ನೆಸ್ ತಂದ ದಿನವೇ ತಲೆಯ ಮೇಲಿಂದ ತುರುಕಬೇಡಿ. ಕತ್ತಿನ ಕುಣಿಕೆಯನ್ನು ಕೈಯಲ್ಲಿ ಅಗಲಿಸಿ ಹಿಡಿದು, ಆಚೆ ಬದಿಯಿಂದ ತಿಂಡಿ ತೋರಿಸಿ; ನಾಯಿ ತಾನಾಗಿ ಮೂಗು ತೂರಿಸಿ ತಿನ್ನಲಿ. ಮೊದಲು ಮೂಗು, ಆಮೇಲೆ ಕಿವಿಯವರೆಗೆ, ಆಮೇಲೆ ಪೂರ್ತಿ ತಲೆ. ಬಕಲ್ಲಿನ ಸದ್ದಿಗೆ ಬೆಚ್ಚುವ ನಾಯಿಗೆ ದೂರದಲ್ಲಿ ಬಕಲ್ ‘ಟಕ್’ ಅನಿಸಿ ಒಂದು ತುಂಡು, ಮತ್ತೆ ‘ಟಕ್’, ಮತ್ತೆ ತುಂಡು. ಕೆಲವಕ್ಕೆ ಇದು ಹತ್ತು ನಿಮಿಷದ ಕೆಲಸ, ಹೊಡೆತ ತಿಂದು ಬಂದವಕ್ಕೆ ವಾರವೂ ಹಿಡಿಯಬಹುದು. ಅಲ್ಲಿಯವರೆಗೆ ಅಂಗಳ, ಟೆರೇಸು ಸಾಕು. ಹಾರ್ನೆಸ್ ಕಂಡೊಡನೆ ಮಂಚದ ಕೆಳಗೆ ಹೋಗುವ ನಾಯಿಯನ್ನು ಯಾರೂ ದತ್ತು ತೆಗೆದುಕೊಳ್ಳುವುದಿಲ್ಲ.

ತಿಂಡಿಯ ತುಂಡು ಕಡಲೆಕಾಳಿನಷ್ಟಿರಲಿ. 30 ಕೆಜಿ ನಾಯಿಗೆ ದಿನಕ್ಕೆ ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಎದೆಮಾಂಸ 80 ಗ್ರಾಂ ಸಾಕು. ಸಸ್ಯಾಹಾರಿ ಮನೆಯಲ್ಲಿ ಪನೀರ್ ಕೊಡುವುದಾದರೆ ಅದರ ಅರ್ಧ, ಏಕೆಂದರೆ ಅದರಲ್ಲಿ ಜಿಡ್ಡು ಹೆಚ್ಚು, ಕೆಲವು ನಾಯಿಗಳಿಗೆ ಭೇದಿಯೂ ಆಗುತ್ತದೆ. ಎಷ್ಟು ಕೊಟ್ಟಿರೋ ಅಷ್ಟನ್ನು ಊಟದಲ್ಲಿ ಕಳೆಯಿರಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಮಾಂಸ, ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ.

ನಡಿಗೆ ಗೇಟಿನಾಚೆ ಶುರುವಾಗುವುದಲ್ಲ, ಲಿಫ್ಟಿನ ಮುಂದೆ, ಬಾಗಿಲ ಮುಂದೆ ಶುರುವಾಗುತ್ತದೆ. ಕುಣಿಯುತ್ತ ಹೊರಟ ನಾಯಿ ಬೀದಿಯಲ್ಲಿ ಕುಣಿಯುತ್ತಲೇ ಇರುತ್ತದೆ. ಬಾಗಿಲು ಹಾಕಿರುವಾಗಲೇ ಎರಡೂ ಹುಕ್ಕು ಸಿಕ್ಕಿಸಿ. ಬಾಗಿಲ ಹಿಡಿಕೆಯ ಮೇಲೆ ಕೈಯಿಡಿ. ನಾಯಿ ಮುನ್ನುಗ್ಗಿದರೆ ಕೈ ತೆಗೆಯಿರಿ, ಮಾತಾಡಬೇಡಿ. ನಾಲ್ಕು ಕಾಲೂ ನೆಲಕ್ಕೆ ಬಂದಾಗ ಮತ್ತೆ ಹಿಡಿಕೆ. ಬಾಗಿಲು ಒಂದು ಗೇಣು ತೆರೆದರೂ ಅದು ನಿಂತಲ್ಲೇ ನಿಂತರೆ ಹೊರಡಿ. ಮೊದಮೊದಲು ಇದಕ್ಕೇ ವಾಕಿಂಗ್ ಹೊತ್ತೆಲ್ಲ ಹೋಗುತ್ತದೆ, ಹೋಗಲಿ. ರಸ್ತೆಯಲ್ಲಿ ಲೀಶ್ ಸಡಿಲವಿದ್ದಷ್ಟು ಹೊತ್ತೂ ಎರಡು ಮೂರು ಹೆಜ್ಜೆಗೊಂದು ತುಂಡು, ನಿಮ್ಮ ಪ್ಯಾಂಟಿನ ಹೊಲಿಗೆಯ ಪಕ್ಕದಲ್ಲಿ, ನಾಯಿಯ ಮೂಗಿನ ಮಟ್ಟದಲ್ಲಿ ಕೊಡಿ. ಮುಂದೆ ಚಾಚಿ ಕೊಟ್ಟರೆ ಅದು ಮುಂದೆ ಹೋಗುವುದನ್ನೇ ಕಲಿಯುತ್ತದೆ. ಲೀಶ್ ಬಿಗಿದರೆ ನಿಲ್ಲಿ. ಜಗ್ಗಬೇಡಿ, ನೀವು ಜಗ್ಗಿದಷ್ಟೂ ಅದು ಎದುರು ಜಗ್ಗುತ್ತದೆ. ಅದು ತಿರುಗಿ ನೋಡಿ ಲೀಶ್ ಸಡಿಲವಾದ ಕ್ಷಣ ಹೊರಡಿ. ನಿಲ್ಲುವುದರಿಂದ ಕೆರಳುವ ನಾಯಿಯಾದರೆ ಬಂದ ದಾರಿಗೆ ತಿರುಗಿ ನಡೆಯಿರಿ. ಇಂಥ ಕಲಿಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಉಳಿದ ಹೊತ್ತು ಲೀಶ್ ಉದ್ದ ಬಿಟ್ಟು ಮೂಸಲು ಬಿಡಿ. ಮನಸಾರೆ ಮೂಸಿದ ನಾಯಿ ಚೆನ್ನಾಗಿ ಮಲಗುತ್ತದೆ. ಬೇಸಿಗೆಯಲ್ಲಿ ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯನ್ನೂ ಇಳಿಸಬೇಡಿ.

ಮೈದಾನಕ್ಕೆ ಹೋದರೆ ಏಳೆಂಟು ಮೀಟರ್ ಉದ್ದದ ಲೈನ್ ಬೇಕು. ಅದನ್ನು ಬೆನ್ನ ರಿಂಗಿಗೇ ಹಾಕಿ, ಎದೆಗೂ ಬೇಡ, ಕಾಲರಿಗಂತೂ ಕೂಡದು. ಉದ್ದ ಲೈನಿನ ಕೊನೆಗೆ ಓಡಿ ನಿಂತಾಗ ಬೀಳುವ ಏಟಿಗೆ ಕತ್ತು ಉಳುಕುತ್ತದೆ. ನೈಲಾನ್ ಹಗ್ಗ ಅಂಗೈ ಸುಲಿಯುತ್ತದೆ, ಒದ್ದೆಯಾದರೆ ಭಾರ. ಬಯೋಥೇನ್ ಎಂದು ಮಾರುವ, ಪ್ಲಾಸ್ಟಿಕ್ ಲೇಪದ ಪಟ್ಟಿ ನೀರು ಹೀರುವುದಿಲ್ಲ, ಕೆಸರಾದರೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ನಮ್ಮ ಮಳೆಗಾಲಕ್ಕೆ ಅದೇ ಸರಿ. ಕೈಗೆ ಸುತ್ತಿಕೊಳ್ಳುವುದು ಮಾತ್ರ ಬೇಡ, ಬೆರಳು ಮುರಿಯುತ್ತದೆ.

ಹಾರ್ನೆಸ್ ಬದಲಿಗೆ ಅಂಗಡಿಯವರು ತೋರಿಸುವ ಬೇರೆ ಸಾಮಾನುಗಳ ಬಗ್ಗೆ ಚುಟುಕಾಗಿ. ಮೂತಿಗೆ ಹಾಕುವ ಹೆಡ್ ಹಾಲ್ಟರ್ ಬಲವಾಗಿ ಹಿಡಿತ ಕೊಡುತ್ತದೆ, ಆದರೆ ಅಭ್ಯಾಸ ಮಾಡಿಸಲು ವಾರಗಟ್ಟಲೆ ಬೇಕು. ದಿಢೀರನೆ ನುಗ್ಗುವ ನಾಯಿಯ ಕತ್ತು ತಿರುಚುವ ಅಪಾಯವಿದೆ. ಜನ ಅದನ್ನು ಬಾಯಿಕುಕ್ಕೆ ಎಂದುಕೊಂಡು ‘ಕಚ್ಚೋ ನಾಯಿ’ ಎಂದು ದೂರ ಸರಿಯುವುದರಿಂದ ದತ್ತು ಹುಡುಕುವಾಗ ಅದೂ ಒಂದು ತೊಡಕು. ತಾನಾಗಿ ಸುತ್ತಿಕೊಳ್ಳುವ ಡಬ್ಬಿ ಲೀಶ್ ದೊಡ್ಡ ನಾಯಿಗೆ ಅಲ್ಲವೇ ಅಲ್ಲ. ಅದು ಸದಾ ಬಿಗಿಯಾಗಿಯೇ ಇರುತ್ತದೆ, ಎಳೆದರೆ ಉದ್ದ ಸಿಗುತ್ತದೆ ಎಂಬ ಪಾಠವನ್ನೇ ಕಲಿಸುತ್ತದೆ. ಕುತ್ತಿಗೆ ಬಿಗಿಯುವ ಚೋಕ್ ಚೈನು, ಮುಳ್ಳಿನ ಪ್ರಾಂಗ್ ಕಾಲರ್ ಎರಡನ್ನೂ ಮನೆಗೆ ತರಬೇಡಿ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಲರ್ ಹಾಕಿ ಎಳೆದಾಗ ನಾಯಿಗಳ ಕಣ್ಣೊಳಗಿನ ಒತ್ತಡ ಏರಿತು, ಹಾರ್ನೆಸ್ ಹಾಕಿ ಎಳೆದಾಗ ಏರಲಿಲ್ಲ. ಅದಕ್ಕಿಂತ ದೊಡ್ಡ ಕೆಡುಕು ಮನಸ್ಸಿಗೆ. ಇನ್ನೊಂದು ನಾಯಿಯನ್ನೋ ಮಗುವನ್ನೋ ಕಂಡು ಖುಷಿಯಿಂದ ನುಗ್ಗಿದಾಗಲೆಲ್ಲ ಕತ್ತಿಗೆ ನೋವಾದರೆ, ಆ ನೋವನ್ನು ಅದು ಕಂಡವರ ಲೆಕ್ಕಕ್ಕೆ ಬರೆಯುತ್ತದೆ. ಕುಣಿಯುವ ನಾಯಿ ಗುರ್ರೆನ್ನುವ ನಾಯಿಯಾಗುವುದು ಹೀಗೆ. ಗಿಡ್ಡ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ.

ಹಾರ್ನೆಸ್ ಮಾಡಲಾಗದ ಕೆಲಸ ಒಂದಿದೆ: ಮೈಮೇಲೆ ಹಾರುವುದನ್ನು ಬಿಡಿಸುವುದು. ಹಾರಿದಾಗ ತಳ್ಳುವುದು, ಮೊಣಕಾಲು ಕೊಡುವುದು, ‘ಏ, ಇಳಿಯೋ’ ಎಂದು ಕೂಗುವುದು ಎಲ್ಲವೂ ಅದಕ್ಕೆ ಆಟವೇ. ನೆಂಟರು ಬರುವ ಮುನ್ನ ಹಗುರ ಲೀಶ್ ಹಾಕಿ, ಅದರ ತುದಿಯನ್ನು ಕಾಲಡಿ ಮೆಟ್ಟಿಕೊಳ್ಳಿ. ನಾಯಿ ಆರಾಮಾಗಿ ನಿಲ್ಲುವಷ್ಟು ಉದ್ದ ಇರಲಿ, ಎದ್ದು ಹಾರುವಷ್ಟು ಬೇಡ. ಬಂದವರು ಒಂದು ಮಾರು ದೂರದಲ್ಲಿ ನಿಲ್ಲಲಿ. ನಾಲ್ಕು ಕಾಲು ನೆಲದ ಮೇಲಿದ್ದಾಗ ತುಂಡನ್ನು ನೆಲಕ್ಕೇ ಹಾಕಿ. ಕೆಳಗೆ ನೋಡುವ ನಾಯಿ ಮೇಲೆ ಹಾರುವುದಿಲ್ಲ. ಮನೆಯವರೆಲ್ಲ ಒಂದೇ ಥರ ನಡೆದುಕೊಳ್ಳಬೇಕು. ಒಬ್ಬರು ಬೈದು, ಇನ್ನೊಬ್ಬರು ‘ಬಾರೋ ರಾಜ’ ಎಂದು ಎದೆ ತಟ್ಟಿ ಕರೆದರೆ ತಿಂಗಳಾದರೂ ಮುಗಿಯದು. ಸಂತಾನಹರಣ ಆಪರೇಷನ್ ಆದ ಮೇಲೆ ಹತ್ತು ಹದಿನಾಲ್ಕು ದಿನ ಹಾರಾಟ ನಿಲ್ಲಿಸಲೇಬೇಕು, ಹೊಲಿಗೆ ಬಿಚ್ಚುತ್ತದೆ. ಆ ದಿನಗಳಲ್ಲಿ ಊಟವನ್ನು ತಟ್ಟೆಗೆ ಹಾಕುವ ಬದಲು ಕಾಂಗ್ ಎಂಬ ಟೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡಿ. ದೊಡ್ಡ ದವಡೆಗೆ ಕೆಂಪಿಗಿಂತ ಕಪ್ಪು ಬಣ್ಣದ್ದು ಗಟ್ಟಿ. ಗಾತ್ರ ದೊಡ್ಡದೇ ಕೊಳ್ಳಿ, ಚಿಕ್ಕದು ಗಂಟಲಿಗೆ ಸಿಕ್ಕೀತು.

ಸಿಕ್ಕ ಸಾಮಾನನ್ನೆಲ್ಲ ಕಡಿದು ಹಾಕುವ ನಾಯಿಯ ಬಗ್ಗೆ ಒಂದು ಎಚ್ಚರಿಕೆ: ಹಾರ್ನೆಸ್ ಹಾಕಿ ಒಂಟಿಯಾಗಿ ಬಿಟ್ಟರೆ ಹೊಟ್ಟೆಪಟ್ಟಿ ಅರ್ಧ ಗಂಟೆಯಲ್ಲಿ ಎರಡು ತುಂಡು. ನುಂಗಿದ ನೈಲಾನ್ ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಹಲ್ಲಿನ ಗುರುತು ಬಿದ್ದ ಪಟ್ಟಿಯನ್ನು ಹೊಲಿಸಿ ಮತ್ತೆ ಬಳಸಬೇಡಿ. ಮಳೆಯಲ್ಲಿ ನೆನೆದದ್ದನ್ನು ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಿ, ಒದ್ದೆ ಪಟ್ಟಿಯ ಕೆಳಗೆ ಒಂದೇ ದಿನದಲ್ಲಿ ಹುಣ್ಣು ಏಳುತ್ತದೆ. ಸಾಧ್ಯವಾದರೆ ಎರಡು ಸೆಟ್ ಇಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ತರಿಸುವವರು ಮೊದಲು ಟವೆಲ್ ಹೊದಿಸಿ ಅದರ ಮೇಲೆ ಅಳತೆ ನೋಡಿ. ಕೂದಲು ಅಂಟಿದ್ದನ್ನು ವಾಪಸ್ ತೆಗೆದುಕೊಳ್ಳದ ಮಾರಾಟಗಾರರೇ ಹೆಚ್ಚು. ನಾಯಿಯನ್ನು ಒಳಗೆ ಬಿಟ್ಟು ಹಾಕಿ ನೋಡಲು ಕೊಡುವ ಅಂಗಡಿ ಹತ್ತಿರವಿದ್ದರೆ ನೂರು ಇನ್ನೂರು ಹೆಚ್ಚಾದರೂ ಅಲ್ಲೇ ಕೊಳ್ಳಿ. ಶ್ವಾಸನಾಳದ ತೊಂದರೆ, ಭುಜದ ಗಾಯ, ಎದೆಯ ಮೇಲೆ ಹುಣ್ಣು ಇರುವ ನಾಯಿಗೆ ವೆಟ್ ಒಪ್ಪಿದ ಮೇಲೆಯೇ ಹಾರ್ನೆಸ್ ಆರಿಸಿ.

ದತ್ತು ಕೊಡುವ ದಿನ ಹಾರ್ನೆಸ್, ಕಾಲರ್, ಲೀಶ್ ಮೂರನ್ನೂ ನಾಯಿಯ ಜೊತೆಗೇ ಕಳಿಸಿ. ಹೊಸ ಮನೆಯಲ್ಲಿ ಅದಕ್ಕೆ ಗೊತ್ತಿರುವ ವಾಸನೆ, ಗೊತ್ತಿರುವ ನಿಯಮ ಅದೊಂದೇ. ಫಾಸ್ಟರ್ ಮನೆಯವರು ಮುಂದಿನ ನಾಯಿಗೆಂದು ಹಾರ್ನೆಸ್ ಉಳಿಸಿಕೊಂಡು ಹಗ್ಗ ಕಟ್ಟಿ ಕಳಿಸುವ ರೂಢಿ ಇದೆ. ಹೊಸ ಮನೆಯ ಮೊದಲ ಮೂರು ದಿನಗಳಲ್ಲೇ ನಾಯಿ ಕಳೆದುಹೋಗುವ ಅಪಾಯ ಹೆಚ್ಚು, ಆ ಉಳಿತಾಯ ಬೇಡ. ಕಾಲರಿಗೆ ದತ್ತು ಪಡೆದವರ ಫೋನ್ ನಂಬರಿನ ಬಿಲ್ಲೆಯನ್ನು ಹೊರಡುವ ಮುಂಚೆಯೇ ಹಾಕಿಸಿ. ಪಟ್ಟಿಗಳ ಸರಿಯಾದ ಅಳತೆಯ ಜಾಗಕ್ಕೆ ಪರ್ಮನೆಂಟ್ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಒಂದು ಹಾಳೆಯಲ್ಲಿ ಎಷ್ಟು ಹೊತ್ತಿಗೆ ಊಟ, ಯಾವ ಲಸಿಕೆ ಯಾವಾಗ, ‘ಕೂತ್ಕೋ’, ‘ಬಿಡು’, ‘ಬಾ’ ಎಂಬಂಥ ಯಾವ ಮಾತಿಗೆ ಏನು ಮಾಡುತ್ತದೆ, ಯಾವ ಸದ್ದಿಗೆ ಹೆದರುತ್ತದೆ ಎಂದು ಬರೆದುಕೊಡಿ. ಮತ್ತೆ, ದತ್ತು ಪಡೆಯುವವರ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲದವರ ಕೈಗೆ ಲೀಶ್ ಕೊಟ್ಟು, ನಿಮ್ಮ ಬೀದಿಯಲ್ಲೇ ಒಂದು ಸುತ್ತು ನಡೆಸಿ ನೋಡಿ. ಎರಡು ಹುಕ್ಕನ್ನು ಅವರೇ ಹಾಕಲಿ, ಅವರೇ ಬಿಚ್ಚಲಿ.